ಉಪ್ಪು ತುಂಬಿಕೊಂಡ ಸ್ಟೀಲ್ ಡಬ್ಬಿ

ಉಪ್ಪಿನ ಭರಣಿ ಒಡೆದ ದಿನ, ಒದ್ದೆ ಕಲ್ಲುಪ್ಪನ್ನು ಸ್ಟೀಲ್ ಡಬ್ಬಿ ತಾನಾಗಿಯೇ ಮಡಿಲಿಗೆ ಕರೆಯಿತು.

“ಬೇಡ ತಂಗೀ,” ಎಂದಿತು ಕಬ್ಬಿಣದ ದೋಸೆ ಕಾವಲಿ. “ನಿನ್ನನ್ನು ಕಾಯುವುದು ಕಣ್ಣಿಗೆ ಕಾಣದ, ಮೈಮೇಲಿನ ಪೊರೆ. ಗೀರು ಬಿದ್ದರೂ ಗಾಳಿ ತಾಗಿದರೆ ಅದು ಮತ್ತೆ ಕೂಡಿಕೊಳ್ಳುತ್ತದೆ. ಒದ್ದೆ ಉಪ್ಪು ಅದನ್ನು ಕೊರೆಯುತ್ತದೆ. ಮುಚ್ಚಳ ಬಿಗಿದರೆ ಗಾಳಿಯೂ ಬಾರದು.”

“ತುಕ್ಕು ನಿಮ್ಮ ಕುಲದ ರೋಗ, ಅಕ್ಕಾ. ದಿನಾ ಎಣ್ಣೆ ಹಚ್ಚಿಸಿಕೊಂಡು ಬದುಕುವ ನೀನು ನನಗೆ ಬುದ್ಧಿ ಹೇಳುವುದೇ?” ಎಂದು ಡಬ್ಬಿ ಮುಚ್ಚಳ ಬಿಗಿದುಕೊಂಡಿತು.

ಮಳೆಗಾಲ ಕಳೆದು ಉಪ್ಪು ತೀರಿದಾಗ ಡಬ್ಬಿಯ ತಳದಲ್ಲಿ ಕೆಂಪು ಚುಕ್ಕೆಗಳಿದ್ದವು. ಹುಣಸೆಹಣ್ಣು ಹಾಕಿ ತಿಕ್ಕಿದರೆ ಕೆಂಪು ಹೋಯಿತು, ಕುಳಿಗಳು ಹೋಗಲಿಲ್ಲ.

“ಅಕ್ಕಾ, ನಾನೂ ಕಬ್ಬಿಣವೇ,” ಎಂದಿತು ಡಬ್ಬಿ, ಮೆಲ್ಲಗೆ.

“ನನಗೆ ಗೊತ್ತಿತ್ತು ತಂಗೀ,” ಎಂದಿತು ಕಾವಲಿ. “ಅದಕ್ಕೇ ಹೇಳಿದ್ದೆ.”