ಶಂಕುರಾಯನ ಅಡಿಗಲ್ಲು, ಅಕ್ಕಯ್ಯಮ್ಮನ ಹೀರೆಬಳ್ಳಿ

ಒಂದಾನೊಂದು ಊರಿನಲ್ಲಿ ಶಂಕುರಾಯನೆಂಬ ರಾಜನಿದ್ದ. ಬೇರೆ ರಾಜರಿಗೆ ಬೇಟೆಯ ಚಟ, ಜೂಜಿನ ಚಟ. ನಮ್ಮವನಿಗೆ ಅಡಿಗಲ್ಲು ಹಾಕುವ ಚಟ. ಬೆಳಿಗ್ಗೆ ಎದ್ದು ಒಂದು ಅಡಿಗಲ್ಲು ಹಾಕದಿದ್ದರೆ ಅವನಿಗೆ ಉಪ್ಪಿಟ್ಟು ಅರಗುತ್ತಿರಲಿಲ್ಲ.

ಖಾಲಿ ಜಾಗ ಕಂಡರೆ ಸಾಕು, ಓಲಗ ಊದಿಸಿ, ಬೆಳ್ಳಿಯ ಗುದ್ದಲಿಯಿಂದ ಮೂರು ಸಲ ನೆಲ ಕೆರೆದು, ಕಲ್ಲು ನೆಡುತ್ತಿದ್ದ. ಕಲ್ಲಿನ ಮೇಲೆ ಮೊಳದುದ್ದ ರಾಜನ ಹೆಸರು. ಅದರ ಕೆಳಗೆ ಗೇಣುದ್ದ ಮಂತ್ರಿಯ ಹೆಸರು. ಅದರ ಕೆಳಗೆ, ಜಾಗ ಉಳಿದಿದ್ದರೆ, ಅಲ್ಲಿ ಏನು ಕಟ್ಟುತ್ತಾರೆ ಎಂಬುದು. ಆಮೇಲೆ ಎಲ್ಲರೂ ಲಾಡು ತಿಂದು ಮನೆಗೆ ಹೋಗುತ್ತಿದ್ದರು. ಕಟ್ಟುವುದೇ? ಕಟ್ಟಿಬಿಟ್ಟರೆ ಖಾಲಿ ಜಾಗ ಮುಗಿದುಹೋಗುವುದಿಲ್ಲವೇ? ರಾಜ ದೂರದೃಷ್ಟಿಯವನು.

ಪ್ರಜೆಗಳೂ ಹೊಂದಿಕೊಂಡಿದ್ದರು. ಬಸ್ ನಿಲ್ದಾಣದ ಕಲ್ಲಿನ ಮುಂದೆ ನಿಂತು, ಇವತ್ತೂ ಬಸ್ಸು ತಡ ಎಂದು ಬೈಯುತ್ತಿದ್ದರು. ಮಾರುಕಟ್ಟೆಯ ಕಲ್ಲಿನ ಸುತ್ತ ಕೂತು, ಇಲ್ಲದ ತರಕಾರಿಗೆ ಚೌಕಾಸಿ ಮಾಡಿ, ದುಬಾರಿಯಾಯಿತೆಂದು ಎದ್ದು ಬರುತ್ತಿದ್ದರು. ಉಳಿದ ಹೊತ್ತಿನಲ್ಲಿ ಎಲ್ಲ ಕಲ್ಲುಗಳ ಸುತ್ತಲೂ ಮುರಿದ ಬಕೆಟ್ಟು, ಎಳನೀರಿನ ಬುರುಡೆ, ಹರಿದ ಹಾಸಿಗೆ ತಂದು ಹಾಕುತ್ತಿದ್ದರು.

ಹೆರಿಗೆ ಆಸ್ಪತ್ರೆಯ ಕಲ್ಲಿನ ಎದುರು ಅಕ್ಕಯ್ಯಮ್ಮನ ಒಂದೇ ಕೋಣೆಯ ಮನೆ. ಅವಳ ಮಗಳು ಚಿಕ್ಕತಾಯಿ ಏಳು ತಿಂಗಳ ಬಸುರಿ, ತೌರಿಗೆ ಬಂದಿದ್ದಳು. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, "ಹುಡುಗಿ ಬಡಕಲು. ಬಾಣಂತನದಲ್ಲಿ ದಿನಾ ಎಳೆ ಹೀರೆಕಾಯಿ ಸಾರು ಹಾಕು. ಇಲ್ಲದಿದ್ರೆ ಎದೆಹಾಲು ಬರಲ್ಲ, ನೋಡು" ಎಂದಳು.

ಹೀರೆಕಾಯಿ ಎಲ್ಲಿಂದ ತರುವುದು? ಮಾರುಕಟ್ಟೆಯಲ್ಲಿ ಸಿಗುವುದು ಚೌಕಾಸಿ ಮಾತ್ರ. ಬೆಳೆಯೋಣವೆಂದರೆ ಮನೆಯ ಮುಂದೆ ಹೊಸ್ತಿಲು, ಹೊಸ್ತಿಲಿನ ಮುಂದೆ ರಸ್ತೆ. ರಸ್ತೆಯ ಆಚೆ ಅರ್ಧ ಎಕರೆ ಕಸ, ಕಸದ ನಡುವೆ ಕಲ್ಲು.

ಆ ಊರಿನ ಪದ್ಧತಿ ಹೀಗಿತ್ತು. ಅಲ್ಲಿ ಕಸ ಹಾಕುವವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಗಿಡ ನೆಟ್ಟರೆ ಮಾತ್ರ, "ಯಾರ ಅಪ್ಪಣೆ?" ಎಂದು ನಾಲ್ಕು ಜನ ಓಡಿ ಬರುತ್ತಿದ್ದರು. ಆದ್ದರಿಂದ ಅಕ್ಕಯ್ಯಮ್ಮ ಕಸದ ಬುಟ್ಟಿಯಲ್ಲಿ ಮಣ್ಣು ಹೊತ್ತಳು. ಕಸದ ಬುಟ್ಟಿಯಲ್ಲಿ ಗೊಬ್ಬರ ಹೊತ್ತಳು. ಕಸ ಎಸೆಯುವಂತೆ ಮೂಗು ಮುಚ್ಚಿಕೊಂಡು ಐದು ಬೀಜ ಎಸೆದಳು. ಪಾತ್ರೆ ತೊಳೆದ ನೀರು ಚೆಲ್ಲುವಂತೆ ದಿನವೂ ನೀರು ಚೆಲ್ಲಿದಳು. ಎದುರು ಸಿಕ್ಕಿದವರು, "ಏನಮ್ಮಾ, ದಿನಕ್ಕೆ ಮೂರು ಸಲ ಕಸ ಹಾಕ್ತೀಯ, ಭಾರಿ ಅನುಕೂಲಸ್ಥರು ಬಿಡು!" ಎಂದು ಹೊಗಳಿ ಹೋದರು.

ಬಳ್ಳಿ ಬಂತು. ಕೈ ಚಾಚಿತು. ಕಲ್ಲನ್ನು ಹಿಡಿದು ಹತ್ತತೊಡಗಿತು.

"ಅಕ್ಕಯ್ಯಮ್ಮಾ, ಕಚಗುಳಿ!" ಎಂದಿತು ಕಲ್ಲು.

"ಬಾಯಿ ಮುಚ್ಚಿಕೊಂಡಿರಪ್ಪಾ. ಯಾರಾದ್ರೂ ಕೇಳಿಸಿಕೊಂಡಾರು."

"ಯಾರು ಬರ್ತಾರೆ? ಹನ್ನೊಂದು ವರ್ಷದಿಂದ ಆಸ್ಪತ್ರೆ ಬರುತ್ತೆ ಅಂತ ಕಾಯ್ತಿದೀನಿ. ಬಂದದ್ದು ಒಂದು ನಾಯಿ. ಅದೂ ಬಂದ ಕೆಲಸ ಮುಗಿಸಿಕೊಂಡು ಹೋಯಿತು. ನೀನು ಹತ್ತಿಸು."

ಬಳ್ಳಿ ಮೊದಲು ಆಸ್ಪತ್ರೆಯನ್ನು ಮುಚ್ಚಿತು. ಯಾರೂ ಗಮನಿಸಲಿಲ್ಲ. ಆಮೇಲೆ ಮಂತ್ರಿಯನ್ನು ಮುಚ್ಚಿತು. ಮಂತ್ರಿಯ ಹೆಂಡತಿ ಮಾತ್ರ ಗಮನಿಸಿದಳು. ಬೆರಳು ಗಾತ್ರದ ಮೊದಲ ಹೀಚು ಬಿಟ್ಟ ದಿನ ರಾಜನ ಹೆಸರೂ ಮುಚ್ಚಿತು. ಅದೇ ದಿನ ಚಿಕ್ಕತಾಯಿ ಹೆಣ್ಣು ಕೂಸು ಹೆತ್ತಳು. ಅದೇ ದಿನ ಹಾಳುಜಾಗ ಸಂರಕ್ಷಣಾಧಿಕಾರಿ ಗುರುಸಂಗಪ್ಪ ಬಂದ.

"ಏನಮ್ಮಾ ಇದು?"

"ಕಸ ಸ್ವಾಮಿ."

"ಹಸಿರಾಗಿದೆಯಲ್ಲ?"

"ಹಸಿ ಕಸ ಸ್ವಾಮಿ."

"ಹೂ ಬಿಟ್ಟಿದೆಯಲ್ಲ?"

"ಕೊಳೆಯೋಕೆ ಮುಂಚೆ ಹಾಗೇ ಸ್ವಾಮಿ."

ಗುರುಸಂಗಪ್ಪ ಒಪ್ಪಿಕೊಂಡು ಹೊರಟಿದ್ದ. ಅಷ್ಟರಲ್ಲಿ ಎಲೆಯ ಹಿಂದೆ ರಾಜರ ಹೆಸರಿದೆಯೆಂದು ಅವನಿಗೆ ನೆನಪಾಯಿತು. ಕಸ ಹಾಕಿ ಮುಚ್ಚಿದ್ದರೆ ನಾಗರಿಕರ ಸ್ವಭಾವ. ಬಳ್ಳಿ ಹಬ್ಬಿಸಿ ಮುಚ್ಚಿದರೆ ರಾಜದ್ರೋಹ. ಅವನು ಅರಮನೆಗೆ ಓಡಿದ.

ಶಂಕುರಾಯ ಪಲ್ಲಕ್ಕಿಯಲ್ಲಿ ಬಂದ. "ಕೀಳಿ ಇದನ್ನ!" ಎಂದ.

ಅಕ್ಕಯ್ಯಮ್ಮ ಕಾಲಿಗೆ ಬಿದ್ದಳು. "ಮಹಾಸ್ವಾಮಿ, ಒಳಗೆ ಹಸಿ ಬಾಣಂತಿ ಇದ್ದಾಳೆ. ಕೂಸು ಹಾಲಿಲ್ಲದೆ ಅಳ್ತಿದೆ. ಮೂರು ತಿಂಗಳು ಬಿಡಿ, ಆಮೇಲೆ ನಾನೇ ಕಿತ್ತು ಕೊಡ್ತೀನಿ."

"ಮೂರು ತಿಂಗಳೇ? ಕೀಳುವುದು ಈಗಲೇ!"

ಮಂತ್ರಿ ಕೆಮ್ಮಿದ. "ಮಹಾಪ್ರಭು, ಕೀಳಲು ಗುದ್ದಲಿ ಬೇಕು. ಗುದ್ದಲಿ ಹಿಡಿಯುವ ಕೆಲಸಕ್ಕೆ ಗುದ್ದಲಿ ಪೂಜೆ ಆಗಬೇಕು. ಗುದ್ದಲಿ ಪೂಜೆಗೆ ಅಡಿಗಲ್ಲು ಬೇಕು."

ರಾಜನ ಮುಖ ಅರಳಿತು. ಓಲಗ ಬಂತು, ಲಾಡು ಬಂತು. ಹಳೆಯ ಕಲ್ಲಿನ ಪಕ್ಕದಲ್ಲೇ ಹೊಸ ಕಲ್ಲು ನಿಂತಿತು: ಹೀರೆಬಳ್ಳಿ ನಿರ್ಮೂಲನಾ ಯೋಜನೆ. ಎಲ್ಲರೂ ಲಾಡು ತಿಂದು ಮನೆಗೆ ಹೋದರು.

ಅಕ್ಕಯ್ಯಮ್ಮ ಬಳ್ಳಿಯ ಬುಡದಲ್ಲಿ ಕೂತು ಕಾದಳು. ಒಂದು ದಿನ ಕಾದಳು, ಯಾರೂ ಬರಲಿಲ್ಲ. ಮೂರು ದಿನ ಕಾದಳು, ಯಾರೂ ಬರಲಿಲ್ಲ. ನಾಲ್ಕನೆಯ ದಿನ ಎದ್ದು ಕಾಯಿ ಕೊಯ್ದು ಸಾರು ಮಾಡಿದಳು. ಚಿಕ್ಕತಾಯಿಗೆ ಹಾಲು ಇಳಿಯಿತು. ಕೂಸು ಅಳು ನಿಲ್ಲಿಸಿತು.

ಬಳ್ಳಿ ಹೊಸ ಕಲ್ಲನ್ನೂ ಹತ್ತಿತು. ರಾಜ ಮತ್ತೆ ಸಿಟ್ಟಾದ, ಮತ್ತೊಂದು ಕಲ್ಲು ಹಾಕಿದ: ನಿರ್ಮೂಲನಾ ಯೋಜನೆ, ಎರಡನೇ ಹಂತ. ಬಳ್ಳಿ ಅದನ್ನೂ ಹತ್ತಿತು. ಮೂರನೇ ಹಂತ. ಅದನ್ನೂ ಹತ್ತಿತು. ಚಪ್ಪರಕ್ಕೆ ಗಳ ಇಲ್ಲವೆಂದು ಕೊರಗುತ್ತಿದ್ದ ಅಕ್ಕಯ್ಯಮ್ಮನಿಗೆ ವಾರಕ್ಕೊಂದು ಕಂಬ ಅರಮನೆಯಿಂದಲೇ ಬಂತು. ಸುದ್ದಿ ಹಬ್ಬಿ, ಬಸ್ ನಿಲ್ದಾಣದ ಕಲ್ಲಿನ ಬಳಿ ಯಾರೋ ಹಾಗಲ ಎಸೆದರು, ಶಾಲೆಯ ಕಲ್ಲಿನ ಬಳಿ ಯಾರೋ ಚಪ್ಪರದವರೆ ಎಸೆದರು. ಎಲ್ಲರೂ ಮೂಗು ಮುಚ್ಚಿಕೊಂಡೇ ಎಸೆದರು.

ಹೀಗಿರುವಾಗ ಅಪಾಯ ಬಂತು. ಹೊರ ಊರಿನಿಂದ ಕರಿಯಣ್ಣನೆಂಬ ಮೇಸ್ತ್ರಿ ಬಂದು ಅರಮನೆಯ ಕೆಲಸಕ್ಕೆ ಸೇರಿದ. ಅವನಿಗೊಂದು ಕೆಟ್ಟ ಅಭ್ಯಾಸವಿತ್ತು. ಕೆಲಸ ಹೇಳಿದರೆ ಮಾಡಿಬಿಡುತ್ತಿದ್ದ.

ಕಲ್ಲು ಓದಿದ. ಗುದ್ದಲಿ ತಂದ. ಬಳ್ಳಿಯ ಬುಡಕ್ಕೆ ಗುರಿಯಿಟ್ಟು ಎತ್ತಿದ.

"ಏ ಮೇಸ್ತ್ರಿ, ನಿನಗೇನು ಹುಚ್ಚೇ? ಇದು ಯೋಜನೆ ಕಣಯ್ಯ!" ಎಂದು ಕಲ್ಲುಗಳು ಕೂಗಿದವು. ಕರಿಯಣ್ಣ ಕೇಳಲಿಲ್ಲ.

ಆಗಲೇ ಐದನೇ ಹಂತದ ಕಲ್ಲು ಹಾಕಲು ರಾಜನ ಪಲ್ಲಕ್ಕಿ ಬಂತು. ಅಕ್ಕಯ್ಯಮ್ಮ ಪಲ್ಲಕ್ಕಿಗೆ ಅಡ್ಡ ನಿಂತಳು. ಈ ಸಲ ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. ಕೈ ಮುಗಿದು, "ತಮಗೆ ಒಳ್ಳೆಯದಾಗಲಿ ಮಹಾಸ್ವಾಮಿ," ಎಂದಳು. "ತಾವು ಅಡಿಗಲ್ಲು ಹಾಕಿದ ಕೆಲಸ ಇವತ್ತು ಮೊದಲ ಸಲ ಮುಗೀತಿದೆ. ಊರಿಗೆಲ್ಲ ಹೇಳಿ ಬರ್ತೀನಿ. ನಾಳೆ ಎಲ್ಲರೂ ಅರಮನೆ ಬಾಗಿಲಿಗೆ ಬರ್ತಾರೆ. ಬಳ್ಳಿ ಕಿತ್ತಿದ್ದಾಯ್ತಲ್ಲ, ನಮ್ಮ ಆಸ್ಪತ್ರೆ ಯಾವಾಗ ಅಂತ ಕೇಳ್ತಾರೆ. ಬಸ್ ನಿಲ್ದಾಣ ಯಾವಾಗ ಅಂತಾರೆ, ಶಾಲೆ ಯಾವಾಗ ಅಂತಾರೆ. ಕೇಳಲಿ ಬಿಡಿ, ಒಳ್ಳೇದೇ ಅಲ್ವಾ?"

ರಾಜನಿಗೆ ಬೆವರಿತು. ಮಂತ್ರಿಗೆ ರಾಜನಿಗಿಂತ ಹೆಚ್ಚು ಬೆವರಿತು.

"ನಿಲ್ಲಿಸು!" ಎಂದು ಶಂಕುರಾಯ ಚೀರಿದ. ಗುದ್ದಲಿ ಬುಡದಿಂದ ಎರಡು ಬೆರಳು ಮೇಲೆ ನಿಂತಿತು. ಕರಿಯಣ್ಣನಿಗೆ, ಕಾಮಗಾರಿ ಮುಗಿಸಲು ಯತ್ನಿಸಿದ ಅಪರಾಧಕ್ಕಾಗಿ ಆರು ತಿಂಗಳ ಸೆರೆವಾಸವಾಯಿತು. ಸೆರೆಮನೆಗೂ ಅಡಿಗಲ್ಲು ಮಾತ್ರ ಇದ್ದುದರಿಂದ ಅವನನ್ನು ಆ ಕಲ್ಲಿನ ಪಕ್ಕ ಕೂರಿಸಿ, ಓಡಿಹೋಗಬೇಡ ಎಂದು ಹೇಳಿ ಬಂದರು. ಅವನು ಓಡಿಹೋದ. ಅದೊಂದು ಕೆಲಸವನ್ನು ಮುಗಿಸಿದ.

ಅಷ್ಟಕ್ಕೇ ರಾಜನ ಭಯ ಹೋಗಲಿಲ್ಲ. ಬೇಸಿಗೆ ಬರುತ್ತಿತ್ತು. ಬಿಸಿಲಿಗೆ ಬಳ್ಳಿ ತಾನಾಗಿಯೇ ಒಣಗಿಬಿಟ್ಟರೆ? ನಿರ್ಮೂಲನಾ ಯೋಜನೆ ತಾನಾಗಿಯೇ ಪೂರ್ತಿಯಾಗಿಬಿಡುತ್ತದೆ! ಕೂಡಲೇ ರಾಜಾಜ್ಞೆ ಹೊರಟಿತು. ಹನ್ನೆರಡು ಜನ ಸಿಪಾಯಿಗಳು ದಿನಕ್ಕೆರಡು ಹೊತ್ತು ಕೊಡದಲ್ಲಿ ನೀರು ಹೊರುವುದು. ಗುರುಸಂಗಪ್ಪ ಖುದ್ದು ನಿಂತು ಹುಳ ಆರಿಸುವುದು. ಹಳೆ ಬಳ್ಳಿ ಮುಪ್ಪಾಗುವ ಮೊದಲೇ ಹೊಸ ಬೀಜ ಹಾಕುವುದು. ಒಂದು ಎಲೆ ಬಾಡಿದರೂ ಅರಮನೆಗೆ ವರದಿ ಒಪ್ಪಿಸುವುದು.

ಅಕ್ಕಯ್ಯಮ್ಮ ಹೊಸ್ತಿಲ ಮೇಲೆ ಮೊಮ್ಮಗಳನ್ನು ಕಾಲಿನ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಾ ಕೂಗುತ್ತಿದ್ದಳು: "ಗುರುಸಂಗಪ್ಪನೋರೇ, ಆ ಮೂಲೆಗೆ ನೀರು ಸಾಲದು!"

"ಹಾಕ್ತೀನಮ್ಮಾ, ಹಾಕ್ತೀನಿ," ಎನ್ನುತ್ತಿದ್ದ ಗುರುಸಂಗಪ್ಪ.

ಇದರ ನೀತಿ ಏನೆಂದರೆ, ನೆಟ್ಟ ಗಿಡ ನೂರು ಕಾಲ ಬಾಳಬೇಕಾದರೆ ಅದನ್ನು ಕೀಳುವ ಕೆಲಸವನ್ನು ಅರಮನೆಗೆ ವಹಿಸಿಬಿಡಿ.

ಹೇಳಿದವಳ ಬಾಯಿ ಒಣಗಿತು, ಕೇಳಿದವರ ಕಾಲು ಜೋಮು ಹಿಡಿಯಿತು. ಏಳಿ, ಹೀರೆಕಾಯಿ ಬಜ್ಜಿ ಆರುತ್ತಿದೆ.