ಕೋತಿ ಮರಿ ಅಮ್ಮನ ಹೊಟ್ಟೆ ಬಿಡುವುದಿಲ್ಲವೇಕೆ

ಲೋಕ ಆಗಷ್ಟೇ ಹುಟ್ಟಿತ್ತು. ಬಂಡೆಗಳು ಇನ್ನೂ ಸರಿಯಾಗಿ ಗಟ್ಟಿಯಾಗಿರಲಿಲ್ಲ. ಎಲ್ಲಿ ಕೂರೋಣ, ಎಲ್ಲಿ ಕೂರೋಣ ಎಂದು ಬೆಟ್ಟಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಹೊನ್ನಿ, ಕಥೆ ಬೇಕು ಅಂದಮೇಲೆ ಆ ಬಾಗಿಲ ಚಿಲಕ ಬಿಟ್ಟು ಇಲ್ಲಿ ಬಂದು ಕೂತುಕೋ. ಅಮ್ಮನೂ ನಿನ್ನ ತಮ್ಮನೂ ಒಳಗೇ ಇದ್ದಾರೆ, ಎಲ್ಲೂ ಓಡಿಹೋಗುವುದಿಲ್ಲ.

ಆಗ ಗಾಳಿ ಅನ್ನುವುದೇ ಇರಲಿಲ್ಲ. ಬೆಳಗಿನಿಂದ ಸಂಜೆಯ ತನಕ ಬೆಚ್ಚನೆಯ ಬಿಸಿಲು. ಹಾಗಾಗಿ ಕಾಡಿನವರೆಲ್ಲ ಒಂದು ಪದ್ಧತಿ ಮಾಡಿಕೊಂಡಿದ್ದರು. ಮರಿ ಹುಟ್ಟಿದ ಕೂಡಲೇ ಹೊಳೆಯಲ್ಲಿ ಅದ್ದಿ ತೊಳೆಯುವುದು, ಚಪ್ಪಟೆ ಬಂಡೆಯ ಮೇಲೆ ಮುತ್ತುಗದ ಎಲೆ ಹಾಸಿ ಮಲಗಿಸುವುದು, ನೆಂಟರೆಲ್ಲ ಸುತ್ತ ನಿಂತು ಮೂಗು ಯಾರದು, ಕಿವಿ ಯಾರದು ಎಂದು ನೋಡುವುದು. ಆ ಬಿಸಿಲಿನಲ್ಲಿ ಯಾವ ಮರಿಗೂ ಏನೂ ಆಗುತ್ತಿರಲಿಲ್ಲ.

ಆಮೇಲೆ ಒಂದು ದಿನ ಗಾಳಿ ಹುಟ್ಟಿತು. ಹುಟ್ಟಿದ್ದೇ ತಡ, ಅದಕ್ಕೆ ಎಲ್ಲವನ್ನೂ ನೋಡಬೇಕು, ಎಲ್ಲವನ್ನೂ ಮುಟ್ಟಬೇಕು. ಎಲೆ ಮಗುಚಿ ನೋಡಿತು, ಹುತ್ತದೊಳಗೆ ಇಣುಕಿತು, ಹೊಳೆಯ ಮೇಲೆ ಮೂರು ಸಲ ಓಡಿತು. ಒಂದು ಕಡೆ ನಿಲ್ಲು ಅಂದರೆ ನಿಲ್ಲದು, ನಿನ್ನ ಹಾಗೆಯೇ. ಅದೇ ದಿನ ಕೆಂಚವ್ವ ಎಂಬ ಕೋತಿಗೆ ಚೊಚ್ಚಲ ಮರಿ ಹುಟ್ಟಿತು.

ಮರಿ ಹುಟ್ಟುತ್ತಲೇ ಇಡೀ ಕಾಡಿಗೆ ಕೇಳುವಂತೆ ಅತ್ತಿತು. ಕೆಂಚವ್ವನ ಅತ್ತೆ ಮುದಿ ಕೋತಿ, ಅವಳಿಗೆ ಪದ್ಧತಿ ಅಂದರೆ ಪದ್ಧತಿ. ಮೊದಲು ತೊಳೆ, ಆಮೇಲೆ ಬಾಕಿ ಮಾತು ಎಂದಳು. ಹೊಳೆಗೇ ಅನುಮಾನ. ಬೆಳಗಿನಿಂದ ಈ ಹೊಸ ಗಾಳಿ ನನ್ನ ಮೈಮೇಲೆ ಓಡಾಡಿ ನಾನೇ ತಣ್ಣಗಾಗಿದ್ದೇನೆ, ಇವತ್ತು ಬೇಡವಮ್ಮ ಎಂದಿತು. ಆದರೆ ಹೊಳೆಯ ಮಾತು ಕೇಳುವವರು ಯಾರು? ಅದು ಯಾವಾಗಲೂ ಏನಾದರೂ ಗೊಣಗುತ್ತಲೇ ಇರುತ್ತದೆ.

ತೊಳೆದರು. ಬಂಡೆಯ ಮೇಲೆ ಮಲಗಿಸಿದರು. ನೆಂಟರು ಬಂದರು. ನೆಂಟರ ಸಂದಿಯಲ್ಲಿ ನುಸುಳಿಕೊಂಡು ಗಾಳಿಯೂ ಬಂತು. ಒದ್ದೆ ಮರಿಯನ್ನು ಈ ಕಡೆಯಿಂದ ನೋಡಿತು, ಆ ಕಡೆಯಿಂದ ನೋಡಿತು, ಮತ್ತೆ ಈ ಕಡೆಯಿಂದ ನೋಡಿತು.

ಸ್ವಲ್ಪ ಹೊತ್ತಿಗೆ ಮರಿಯ ಅಳು ನಿಂತಿತು. ಎಷ್ಟು ಜಾಣ ಮರಿ, ಸದ್ದೇ ಇಲ್ಲ ಎಂದು ನೆಂಟರೆಲ್ಲ ಹೊಗಳಿದರು. ಕೆಂಚವ್ವ ಮಾತ್ರ ನಿಂತಲ್ಲಿ ನಿಲ್ಲಲಿಲ್ಲ. ಮರ ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಎತ್ತಿಕೊಳ್ಳಲು ಕೈ ಚಾಚಿದರೆ ಅತ್ತೆ ತಡೆದಳು. ಎತ್ತಿ ಎತ್ತಿ ಅಭ್ಯಾಸ ಮಾಡಬೇಡ, ಆಮೇಲೆ ಕೆಳಗಿಳಿಯುವುದೇ ಇಲ್ಲ ಎಂದಳು. ಬುದ್ಧಿ ಹೇಳುವವರಿಗೇನು ಬರವೇ, ಅಂದಿಗೂ ಇಂದಿಗೂ.

ಅಲ್ಲೇ ಪೊದೆಯಲ್ಲಿ ಒಂದು ಕಾಡುಕೋಳಿ ಕಾವಿಗೆ ಕೂತಿತ್ತು. ಅದು ಕತ್ತು ಎತ್ತಿ ಹೇಳಿತು: "ಅಳದಿರುವುದೆಲ್ಲ ಜಾಣತನವಲ್ಲ ಕೆಂಚವ್ವ. ಪಾದ ಮುಟ್ಟಿ ನೋಡು."

ಕೆಂಚವ್ವ ಮುಟ್ಟಿದಳು. ಹೊಳೆಯ ಕಲ್ಲಿನಷ್ಟು ತಣ್ಣಗಿತ್ತು. ಹೊಟ್ಟೆ ಮುಟ್ಟಿದಳು, ಅದೂ ತಣ್ಣಗೆ. ಬಾಯಿಗೆ ಮೊಲೆ ಇಟ್ಟಳು, ಮರಿ ಚೀಪಲಿಲ್ಲ. ನನ್ನ ಮರಿ ಉಳಿಯುವುದಿಲ್ಲ ಎಂದು ಅವಳಿಗೆ ಅನ್ನಿಸಿಬಿಟ್ಟಿತು.

"ನಿನ್ನ ಹಾಗೆ ಒಂದೇ ಕಡೆ ಕೂರಲು ನನಗೆ ಬರುವುದಿಲ್ಲವಲ್ಲೇ," ಎಂದಳು ಕೋಳಿಗೆ.

"ಕೂರು ಅಂತ ಯಾರು ಹೇಳಿದರು? ಮೈ ಒರೆಸು, ಹೊಟ್ಟೆಗೆ ಹೊಟ್ಟೆ ತಾಗಿಸಿ ಅವುಚಿಕೋ. ಆಮೇಲೆ ಎಲ್ಲಿಗೆ ಬೇಕಾದರೂ ಹಾರು."

ಅತ್ತೆ ಏನೋ ಅನ್ನುತ್ತಿದ್ದಳು. ಕೆಂಚವ್ವ ತಿರುಗಿಯೂ ನೋಡಲಿಲ್ಲ. ಒಣ ಹುಲ್ಲಿನಿಂದ ತಲೆ ಒರೆಸಿದಳು, ಕಂಕುಳು ಒರೆಸಿದಳು, ಮರಿಯನ್ನು ಹೊಟ್ಟೆಗೆ ಅವುಚಿಕೊಂಡು ಹಾರಿದಳು. ಮರಿ ಎಲ್ಲಿ ಹೋಯಿತು ಎಂದು ಗಾಳಿಯೂ ಬೆನ್ನಿಗೆ ಬಿತ್ತು. ಅವಳು ಆಲಕ್ಕೆ ಹಾರಿದರೆ ಅದು ಆಲಕ್ಕೆ ಬಂತು. ಅವಳು ಅತ್ತಿಮರಕ್ಕೆ ಹಾರಿದರೆ ಅತ್ತಿಮರಕ್ಕೆ ಬಂತು. ಎಡಗಡೆ ಬಂದರೆ ಅವಳು ಎಡಕ್ಕೆ ಬೆನ್ನು ಕೊಟ್ಟಳು, ಬಲಗಡೆ ಬಂದರೆ ಬಲಕ್ಕೆ. ಒಂದು ಕೈ ಕೊಂಬೆಗೆ, ಒಂದು ಕೈ ಮರಿಗೆ. ಕೈ ಸೋತು ಹೋಯಿತು. ಆದರೂ ಬಿಡಲಿಲ್ಲ.

ಕೊನೆಗೆ ಮೂರು ಬಂಡೆಗಳ ಸಂದು ಸಿಕ್ಕಿತು. ಅಲ್ಲಿ ಗಾಳಿಗೆ ಬೆನ್ನು ಹಾಕಿ ಮುದುರಿಕೊಂಡಳು. ಜನ್ಮದಲ್ಲಿ ಒಂದು ಗಳಿಗೆ ಸುಮ್ಮನೆ ಕೂರದವಳು ಕೂತಳು. ಪಾದ ಮುಟ್ಟಿದಳು, ತಣ್ಣಗೆ. ಮತ್ತೆ ಮುಟ್ಟಿದಳು, ಇನ್ನೂ ತಣ್ಣಗೆ. ಅವಳಿಗೆ ಅಳು ಬಂತು.

ಆಗ ಹೊಟ್ಟೆಯ ಹತ್ತಿರ ಒಂದು ಕೂದಲು ಜಗ್ಗಿದಂತಾಯಿತು. ಒಂದು ಬೆರಳು. ಆಮೇಲೆ ಇನ್ನೊಂದು. ಆಮೇಲೆ ಎರಡೂ ಕೈಯ ಬೆರಳುಗಳೆಲ್ಲ ಕೂದಲನ್ನು ಬಿಗಿಯಾಗಿ ಹಿಡಿದವು. ಮರಿ ಮೊಲೆ ಹುಡುಕಿತು, ಸಿಗಲಿಲ್ಲವೆಂದು ಕಿರುಚಿತು. ಅತ್ತೆ ಓಡಿ ಬಂದು ಇದೇನು ಇಷ್ಟು ಗಲಾಟೆ ಮಾಡುತ್ತದೆ ಎಂದಳು.

"ಮಾಡಲಿ ಅತ್ತೆ," ಎಂದಳು ಕೆಂಚವ್ವ, ಅಳುತ್ತ ನಗುತ್ತ. "ಇನ್ನೂ ಜೋರಾಗಿ ಮಾಡಲಿ."

ಅತ್ತೆ ಮುದ್ದು ಮರಿಯ ಪಾದ ಮುಟ್ಟಿದಳು. ಸೊಸೆಯ ಪಕ್ಕದಲ್ಲಿ, ಗಾಳಿ ಬರುವ ಕಡೆ ಕೂತಳು.

ಗಾಳಿ ನಾಚಿಕೊಂಡು ದೂರ ನಿಂತಿತ್ತು. ನೋಡಬೇಕು ಅಂತ ಬಂದೆ ಅಷ್ಟೆ, ಬೇರೇನೂ ಇಲ್ಲ ಎಂದಿತು. ಪಾಪ, ಅದೂ ಆವತ್ತು ಹುಟ್ಟಿದ ಕೂಸೇ. ಕೆಂಚವ್ವನಿಗೆ ಬೈಯಲು ಮನಸ್ಸಾಗಲಿಲ್ಲ. ಮರಿ ಚೆನ್ನಾಗಿ ಬೆಚ್ಚಗಾಗಲಿ, ಆಮೇಲೆ ಬಾ ಎಂದಳು. ಬೆಚ್ಚಗಾಯಿತು ಅಂತ ನನಗೆ ಹೇಗೆ ಗೊತ್ತಾಗಬೇಕು ಎಂದು ಗಾಳಿ ಕೇಳಿತು. ಬಂದು ಕೇಳು ಎಂದುಬಿಟ್ಟಳು ಕೆಂಚವ್ವ.

ಹಾಗೆ ಅನ್ನಬಾರದಿತ್ತು. ಅವತ್ತಿನಿಂದ ಗಾಳಿ ಕೇಳುತ್ತಲೇ ಇದೆ.

ಅದಕ್ಕೇ ನಮ್ಮ ಗೋಡೆಯ ಮೇಲೆ ಕೂರುವ ತಾಯಿಕೋತಿ ಇವತ್ತಿಗೂ ಗಾಳಿಗೆ ಬೆನ್ನು ಕೊಟ್ಟು ಆಚೀಚೆ ಕಣ್ಣಾಡಿಸುತ್ತಿರುತ್ತಾಳೆ, ಅವಳು ಎಷ್ಟು ಹಾರಿದರೂ ಮರಿ ಹೊಟ್ಟೆ ಬಿಡುವುದಿಲ್ಲ. ಮತ್ತೆ ಹೊನ್ನಿ, ನೀನು ಬಾಣಂತಿ ಕೋಣೆಯ ಬಾಗಿಲನ್ನು ಒಂದು ಬೆರಳಷ್ಟು ಸರಿಸಿದರೂ ಸಾಕು, ಪಾಪು ಬೆಚ್ಚಗಾಯಿತಾ ಎಂದು ಕೇಳಿಕೊಂಡು ನಿನಗಿಂತ ಮೊದಲು ಒಳಗೆ ನುಗ್ಗುವುದು ಅದೇ ಗಾಳಿ.