ಜೇಡಕ್ಕ ನೇಯ್ದ ಆ್ಯಪ್

ಇದರಲ್ಲಿ ಸುಳ್ಳಿದ್ದರೆ ಅರ್ಧದಷ್ಟು ಮಾತ್ರ. ಇರುವೆ ಪಿಸುಗುಟ್ಟಿದರೂ ಕೇಳಿಸುವ ಕಿವಿ ನಮ್ಮ ವಂಶದಲ್ಲಿ ನನಗೊಬ್ಬನಿಗೇ ಬಂದಿರುವುದು.

ಗಾಜು ಒಡೆದ ಹಳೆಯ ಮೊಬೈಲಿನ ಮೇಲೆ ಜೇಡವೊಂದು, ಕಸುಬು ಬದಲಿಸಬಯಸುವ ಪ್ರಾಯದ ಹುಳುಗಳಿಗಾಗಿ ಆ್ಯಪ್ ನೇಯಿತು. ಈ ಅಂಚಿನಲ್ಲಿ ಹಳೆಯ ಕೆಲಸ, ಆ ಅಂಚಿನಲ್ಲಿ ಹೊಸದು, ನಡುವೆ ದಾರಿ.

ಮೊದಲು ಬಂದದ್ದು ಮೂರು ವರ್ಷ ಸಕ್ಕರೆ ಹೊತ್ತು ಬೇಸತ್ತ ಇರುವೆ. ಕಡಜದ ಹತ್ತಿರ ಮಣ್ಣಿನ ಮನೆ ಕಟ್ಟುವ ಕೆಲಸಕ್ಕಾಗಿ ಅದಕ್ಕೆ ಅಂದು ಸಂಜೆಯೊಳಗೆ ಸಂದರ್ಶನ. ಕುಣಿಯುತ್ತ ನಾಲ್ಕು ಹೆಜ್ಜೆ ಇಟ್ಟಿತು, ಕಾಲು ಅಂಟಿಕೊಂಡಿತು.

“ಜೇಡಕ್ಕ, ಮುಂದಕ್ಕೆ ಹೋಗಲಾಗುತ್ತಿಲ್ಲ.”

“ಒಳ್ಳೆಯದೇ ಆಯಿತು. ಬಂದವರು ಬಿಟ್ಟು ಹೋಗದಂತೆ ಮಾಡುವುದೇ ಆ್ಯಪ್ ಕಟ್ಟುವವರ ಜಾಣತನ.”

“ಬಿಟ್ಟು ಹೋಗುವುದಕ್ಕೇ ಅಲ್ಲವೇ ನಾನು ಬಂದದ್ದು? ಹೊತ್ತು ಮುಳುಗುತ್ತಿದೆ ಅಕ್ಕ. ಅಲ್ಲ, ನೀವು ಇದರ ಮೇಲೆ ಓಡಾಡುತ್ತೀರಲ್ಲ, ನಿಮಗೇಕೆ ಅಂಟುವುದಿಲ್ಲ?”

“ಅಂಟಿಲ್ಲದ ಎಳೆಗಳು ಯಾವುವೆಂದು ನನಗೆ ಗೊತ್ತು.”

“ಹಾಗಾದರೆ ಪೂರ್ತಿ ಅವುಗಳಲ್ಲೇ ನೇಯಬಹುದಿತ್ತಲ್ಲ?”

ಜೇಡ ಎಂಟು ಕಾಲಲ್ಲೂ ತಲೆ ಕೆರೆದುಕೊಂಡಿತು. ಆಮೇಲೆ ಇರುವೆಯ ಕಾಲು ಬಿಡಿಸಿ, ಅಂಟಿನ ಎಳೆಗಳನ್ನೆಲ್ಲ ಕಿತ್ತು, ಒಣ ಎಳೆಗಳಿಂದ ಹೊಸದಾಗಿ ನೇಯಿತು. ಇರುವೆ ಒಂದೇ ಉಸಿರಿಗೆ ಆಚೆ ತಲುಪಿತು, ತಿರುಗಿ ಸಹ ನೋಡಲಿಲ್ಲ. ಅದರ ಹಿಂದೆಯೇ ಮಿಡತೆ, ಜೀರುಂಡೆ, ನೊಣ ಎಲ್ಲ ನುಗ್ಗಿ ದಾಟಿದವು.

ಹಾದುಹೋಗುತ್ತಿದ್ದ ಪತಂಗ ಕೇಳಿತು, “ಏನಕ್ಕ, ಬಲೆ ಖಾಲಿ?”

“ಬಲೆಯಲ್ಲಪ್ಪ, ಸೇತುವೆ,” ಅಂದಿತು ಜೇಡ. “ಕಸುಬು ಬದಲಿಸಿದವರಲ್ಲಿ ನಾನೂ ಒಬ್ಬಳು.”